ಮನೆಯ ಬಿಯರೂ ನೆರೆಯವರ ರುಚಿಪರೀಕ್ಷೆಯೂ

೧

ಜವೆಗೋದಿಯನ್ನು ನೆನೆಸಿ, ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಆಗುವುದು. ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ಕಲಸಿ, ಬಸಿದು ತೆಗೆದ ಸಿಹಿರಸವು ಯೀಸ್ಟಿನಿಂದ ಹುದುಗಿದರೆ ಬಿಯರ್ ಆಗುವುದು. ಉತ್ತರ ಯೂರೋಪಿನ ಜನರಲ್ಲಿ ಈ ಪಾನೀಯವು ಬಹುಕಾಲ ಕಾರ್ಖಾನೆಯ ಸರಕಾಗಿರದೆ ಅಡುಗೆಮನೆಯ ಪದಾರ್ಥವಾಗಿದ್ದಿತು. ಈ ಮನೆಗೆಲಸವು ಹೇಗೆ ಕ್ಷೀಣಿಸಿತು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೇಗೆ ಮತ್ತೆ ತಲೆಯೆತ್ತಿತು ಎಂಬುದನ್ನು ವಿವರಿಸುವವರು ಸಾಮಾನ್ಯವಾಗಿ ತೆರಿಗೆಯನ್ನೂ ಕಾನೂನನ್ನೂ ಕಾರಣವಾಗಿ ಹೇಳುವರು. ಅದು ನಿಜವೇ, ಆದರೆ ಪೂರ್ಣವಲ್ಲ. ತಾವು ಮಾಡಿದ ಪಾನೀಯದ ದೋಷವನ್ನು ತಾವೇ ಕಾಣುವುದು ಬಹು ಕಷ್ಟ. ದಿನವೂ ಅದನ್ನೇ ಕುಡಿಯುವ ನಾಲಗೆಯು ಆ ದೋಷಕ್ಕೆ ಒಗ್ಗಿಹೋಗಿರುತ್ತದೆ. ಆದುದರಿಂದ ಮತ್ತೊಬ್ಬರು ರುಚಿ ನೋಡಿ ಹೇಳುವ ಏರ್ಪಾಡು ಈ ಕಸಬಿಗೆ ಎಲ್ಲ ಕಾಲದಲ್ಲಿಯೂ ಬೇಕಾಗಿದ್ದಿತು. ಆ ಏರ್ಪಾಡು ಯಾವ ರೂಪದಲ್ಲಿದ್ದಿತು, ಯಾರ ಹಿತಕ್ಕಾಗಿ ನಡೆಯಿತು, ಅದರಿಂದ ಮಾಡುವವರು ಕಲಿತುದೇನು ಎಂಬುದನ್ನು ಇಂಗ್ಲೆಂಡು, ನಾರ್ವೆ, ಅಮೆರಿಕಾ ಈ ಮೂರು ದೇಶಗಳ ವೃತ್ತಾಂತದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮಧ್ಯಯುಗದ ಇಂಗ್ಲೆಂಡಿನಲ್ಲಿ ಜನರು ಕುಡಿಯುತ್ತಿದ್ದುದು ಹಾಪ್ಸ್ ಹೂವನ್ನು ಸೇರಿಸದೆ ಮಾಡಿದ ಏಲ್. ಇದು ಕೆಲವು ದಿನಗಳಲ್ಲಿಯೇ ಹುಳಿತು ಕೆಡುತ್ತಿದ್ದಿತು. ಆದಕಾರಣ ಒಂದು ಮನೆಯವರು ತಮಗೆ ಸಾಕಾಗಿ ಮಿಕ್ಕುದನ್ನು ಕೂಡಲೇ ನೆರೆಯವರಿಗೆ ಮಾರುವುದೂ, ತಮ್ಮಲ್ಲಿ ಮುಗಿದಾಗ ನೆರೆಯವರಿಂದ ಕೊಳ್ಳುವುದೂ ರೂಢಿಯಾಗಿದ್ದಿತು. ೧೩೪೮-೪೯ ರ ಮಹಾಮಾರಿಯ ಹಿಂದಿನ ಕಾಲದಲ್ಲಿ ಈ ಕೆಲಸವು ಬಹುಮಟ್ಟಿಗೆ ಸ್ತ್ರೀಯರ ಕೈಯಲ್ಲಿಯೇ ಇದ್ದಿತೆಂಬುದನ್ನು ಜೂಡಿತ್ ಬೆನೆಟ್ ಅವರು ೧೯೯೬ ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಗ್ರಾಮನ್ಯಾಯಸಭೆಗಳ ದಾಖಲೆಗಳ ಆಧಾರದಿಂದ ತೋರಿಸಿರುವರು.

ಮಾರಾಟವು ಬಂದೊಡನೆ ಪರೀಕ್ಷೆಯೂ ಬಂದಿತು. ೧೦೮೬ ರ ಡೂಮ್ಸ್‌ಡೇ ಗ್ರಂಥದಲ್ಲಿ ಚೆಸ್ಟರ್ ಪಟ್ಟಣದ ಪದ್ಧತಿಗಳನ್ನು ಹೇಳುವೆಡೆಯಲ್ಲಿ, ಕೆಟ್ಟ ಏಲ್ ಮಾಡಿದವರು ಹೊಲಸಿನ ಪೀಠದಲ್ಲಿ ಕೂರಬೇಕು, ಇಲ್ಲವೆ ೪ ಷಿಲಿಂಗು ದಂಡ ತೆರಬೇಕು ಎಂದಿದೆ. ಮುಂದೆ ಸುಮಾರು ೧೨೬೬-೬೭ ರದೆಂದು ಗಣಿಸಲ್ಪಡುವ ರೊಟ್ಟಿ ಮತ್ತು ಏಲ್‌ಗಳ ಶಾಸನವು ಧಾನ್ಯದ ಬೆಲೆಗೆ ಅನುಸಾರವಾಗಿ ಏಲಿನ ಬೆಲೆಯನ್ನು ಗೊತ್ತುಮಾಡಿತು. ಈ ಶಾಸನವನ್ನು ಊರೂರುಗಳಲ್ಲಿ ನಡೆಯಿಸುವುದಕ್ಕಾಗಿ ಏಲ್-ಕಾನರ್ ಅಥವಾ ಏಲ್‌ಪರೀಕ್ಷಕನೆಂಬ ಅಧಿಕಾರಿಯು ನೇಮಕವಾಗುತ್ತಿದ್ದನು. ಈತನು ಹೊರಗಿನಿಂದ ಬಂದ ಸರ್ಕಾರಿ ನೌಕರನಲ್ಲ. ಊರಿನವರೊಳಗಿಂದಲೇ ನ್ಯಾಯಸಭೆಯಲ್ಲಿ ಆರಿಸಲ್ಪಟ್ಟು ಪ್ರಮಾಣವಚನ ಸ್ವೀಕರಿಸಿದವನು. ಹೊಸ ಏಲ್ ಸಿದ್ಧವಾದಾಗ ಮನೆಯ ಮುಂದೆ ಕೋಲನ್ನೋ ಸೊಪ್ಪಿನ ಕಟ್ಟನ್ನೋ ಎತ್ತಿ ಕಟ್ಟಬೇಕು. ಅದನ್ನು ಕಂಡು ಪರೀಕ್ಷಕನು ಬಂದು ರುಚಿ ನೋಡಿ, ಏಲ್ ಒಳ್ಳೆಯದೋ ಅಲ್ಲವೋ, ಅಳತೆ ಸರಿಯೋ ತಪ್ಪೋ, ಬೆಲೆ ಶಾಸನಾನುಸಾರವೋ ಅಲ್ಲವೋ ಎಂಬುದನ್ನು ನಿರ್ಣಯಿಸುವನು. ನಾಟಕಕಾರ ಷೇಕ್ಸ್‌ಪಿಯರನ ತಂದೆಯಾದ ಜಾನ್ ಷೇಕ್ಸ್‌ಪಿಯರನು ೧೫೫೬ ರಲ್ಲಿ ಸ್ಟ್ರಾಟ್‌ಫರ್ಡ್ ಪಟ್ಟಣದಲ್ಲಿ ಇದೇ ಅಧಿಕಾರವನ್ನು ಪಡೆದಿದ್ದನು.

ಈ ಪರೀಕ್ಷಕನು ಬೆಂಚಿನ ಮೇಲೆ ಏಲನ್ನು ಚೆಲ್ಲಿ, ಚರ್ಮದ ಚಲ್ಲಣವನ್ನು ಧರಿಸಿ ಅದರ ಮೇಲೆ ಕುಳಿತು, ಏಳುವಾಗ ಚಲ್ಲಣವು ಅಂಟುತ್ತದೆಯೇ ಎಂದು ನೋಡುತ್ತಿದ್ದನೆಂಬ ಕಥೆಯು ಬಹು ಪ್ರಸಿದ್ಧವಾಗಿದೆ. ಆದರೆ ಆ ಕಾಲದ ದಾಖಲೆಗಳಲ್ಲಿ ಇದಕ್ಕೆ ಆಧಾರವಿಲ್ಲ. ಪರೀಕ್ಷಕನ ಉಪಕರಣವು ಚಲ್ಲಣವಲ್ಲ, ನಾಲಗೆ.

ಈ ಪದ್ಧತಿಯ ಗುಣದೋಷಗಳನ್ನು ವಿಚಾರಿಸಿದರೆ ಎರಡು ಸಂಗತಿಗಳು ಎದ್ದುಕಾಣುವುವು. ಮೊದಲನೆಯದು, ಪರೀಕ್ಷೆಯು ಕೊಳ್ಳುವವರ ಹಿತಕ್ಕಾಗಿ ಏರ್ಪಟ್ಟುದು. ಮಾಡುವವಳಿಗೆ ಅದರಿಂದ ದೊರೆಯುತ್ತಿದ್ದುದು ದಂಡವೇ ಹೊರತು ಉಪದೇಶವಲ್ಲ. ಅನೇಕ ಗ್ರಾಮಗಳಲ್ಲಿ ಮಾರಾಟಕ್ಕೆ ಏಲ್ ಮಾಡಿದವರೆಲ್ಲರಿಗೂ ತಪ್ಪಿರಲಿ ಇಲ್ಲದಿರಲಿ ದಂಡವನ್ನು ಹಾಕುತ್ತಿದ್ದರಾದುದರಿಂದ, ಅದು ಕಾಲಕ್ರಮದಲ್ಲಿ ಲೈಸೆನ್ಸು ಶುಲ್ಕದಂತೆಯೇ ಆಯಿತು. ಎರಡನೆಯದು, ಏಲ್ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ರುಚಿ ನೋಡಿ ತೀರ್ಪು ಹೇಳುತ್ತಿದ್ದವರು ಬಹುತೇಕ ಗಂಡಸರು. ಕೆಲಸವನ್ನು ಬಲ್ಲವರು ಒಂದು ಕಡೆ, ತೀರ್ಪು ಹೇಳುವವರು ಮತ್ತೊಂದು ಕಡೆ ಆದುದರಿಂದ, ದೋಷದ ಕಾರಣವನ್ನು ಇಬ್ಬರೂ ಕೂಡಿ ಹುಡುಕುವ ಸಂದರ್ಭವು ಈ ವ್ಯವಸ್ಥೆಯೊಳಗೆ ಇರಲಿಲ್ಲ.

೩

ನಾರ್ವೆ ದೇಶದ ಹಳ್ಳಿಗಳಲ್ಲಿ ಇದಕ್ಕೆ ಭಿನ್ನವಾದ ರೀತಿಯೊಂದಿದ್ದಿತು. ಅಲ್ಲಿನ ಪ್ರಾಚೀನವಾದ ಗುಲಾಟಿಂಗ್ ಧರ್ಮಶಾಸನವು ಕ್ರಿಸ್‌ಮಸ್ ಹಬ್ಬಕ್ಕೆ ಬಿಯರ್ ಮಾಡುವುದನ್ನು ರೈತನ ಕರ್ತವ್ಯವೆಂದು ವಿಧಿಸಿ, ಮಾಡದವರಿಗೆ ದಂಡವನ್ನು ಹೇಳಿತ್ತು. ಈ ಸಂಪ್ರದಾಯವು ಪಶ್ಚಿಮ ನಾರ್ವೆಯ ಕೆಲವೆಡೆಗಳಲ್ಲಿ ಕಡಿದುಹೋಗದೆ ಉಳಿದುಬಂದಿತು. ಹುದುಗು ಮುಗಿದ ಬಿಯರನ್ನು ದೊಡ್ಡ ತೊಟ್ಟಿಯಿಂದ ಪೀಪಾಯಿಗಳಿಗೆ ತುಂಬುವ ದಿನ ನೆರೆಹೊರೆಯವರು ಬಂದು ರುಚಿ ನೋಡುವ ಕೂಟಕ್ಕೆ ಓಪ್‌ಸ್ಕೋಕೆ ಎಂದು ಹೆಸರು. ನಾರ್ವೆಯ ಮನೆ ಬಿಯರಿನ ಪದ್ಧತಿಗಳನ್ನು ಸಂಗ್ರಹಿಸಿ ೧೯೬೯ ರಲ್ಲಿ ಗ್ರಂಥವನ್ನು ಪ್ರಕಟಿಸಿದ ಓಡ್ ನೂರ್‌ಲಾಂಡ್ ಅವರ ಶ್ರಮದಿಂದ ಇಂಥ ಆಚಾರಗಳ ವಿವರವು ಉಳಿದಿದೆ.

ಇಲ್ಲಿ ರುಚಿ ನೋಡುವವನು ಅಧಿಕಾರಿಯಲ್ಲ. ಮುಂದಿನ ವಾರ ತನ್ನ ಮನೆಯಲ್ಲಿಯೂ ಅದೇ ಕೆಲಸವನ್ನು ಮಾಡಬೇಕಾದವನು. ಒಬ್ಬನ ಯೀಸ್ಟ್ ಕೆಟ್ಟರೆ ಅವನು ನೆರೆಯವನಿಂದ ಯೀಸ್ಟನ್ನು ಕಡ ತರುತ್ತಿದ್ದನು. ಒಂದು ಮನೆತನದಲ್ಲಿ ಒಣಗಿಸಿ ಕಾಪಾಡಿದ ಯೀಸ್ಟ್ ಹೀಗೆ ಊರಿನಲ್ಲೆಲ್ಲ ಹರಡುತ್ತಿದ್ದಿತು. ಯಾರ ಮನೆಯ ಬಿಯರ್ ಶುಚಿಯಾಗಿದೆಯೆಂಬ ತಿಳಿವಳಿಕೆಯು ಈ ಕೊಳುಕೊಡೆಗೆ ಅತ್ಯಗತ್ಯವಾಗಿದ್ದಿತೆಂದು ಸುಲಭವಾಗಿ ಊಹಿಸಬಹುದು. ಆದರೆ ಅತಿಥಿಯ ಮಾತು ದಾಕ್ಷಿಣ್ಯಕ್ಕೆ ಒಳಪಟ್ಟುದು. ಮನೆಯಾತನ ಮುಂದೆ ಕುಳಿತು, ಅವನ ಬಟ್ಟಲನ್ನು ಕೈಯಲ್ಲಿ ಹಿಡಿದು, ಅವನ ಬಿಯರ್ ಕೆಟ್ಟಿದೆಯೆನ್ನುವುದು ಯಾವ ದೇಶದಲ್ಲಿಯೂ ಸುಲಭವಲ್ಲ.

೪

ಸುಮಾರು ೧೪೦೦ ರ ವೇಳೆಗೆ ಹಾಪ್ಸ್ ಸೇರಿಸಿದ ಬಿಯರ್ ನೆದರ್ಲೆಂಡ್ಸ್ ಪ್ರಾಂತಗಳಿಂದ ಇಂಗ್ಲೆಂಡಿಗೆ ಬಂದಿತು. ಹಾಪ್ಸಿನ ಕಹಿಯು ಬಿಯರನ್ನು ಬೇಗನೆ ಕೆಡದಂತೆ ಕಾಪಾಡುವುದರಿಂದ, ಅದನ್ನು ಹೆಚ್ಚು ಮಾಡಿ, ಶೇಖರಿಸಿ, ದೂರಕ್ಕೆ ಸಾಗಿಸುವುದು ಸಾಧ್ಯವಾಯಿತು. ಬಂಡವಾಳವುಳ್ಳವರು ಮುಂದೆ ಬಂದರು; ಮನೆಯಲ್ಲಿ ಮಾಡಿ ಮಾರುತ್ತಿದ್ದ ಹೆಂಗಸರು ಹಿಂದೆ ಸರಿದರು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಪೋರ್ಟರ್ ಕಾರ್ಖಾನೆಗಳು ಬೃಹದಾಕಾರವನ್ನು ತಾಳಿದುವು. ಉಷ್ಣಮಾಪಕವೂ, ಜಾನ್ ರಿಚರ್ಡ್‌ಸನ್ನನು ೧೭೮೪ ರಲ್ಲಿ ಪ್ರಚಾರಪಡಿಸಿದ ಸಿಹಿಮಾಪಕವೂ ಕಾರ್ಖಾನೆಯವರ ಕೈಸೇರಿದುವು. ವಿಲಿಯಂ ಕಾಬೆಟ್ಟನು ೧೮೨೧-೨೨ ರಲ್ಲಿ ಪ್ರಕಟಿಸಿದ ಗೃಹಮಿತವ್ಯಯದ ಗ್ರಂಥದಲ್ಲಿ, ಕೂಲಿಗಾರರು ಮನೆಯಲ್ಲಿ ಬಿಯರ್ ಮಾಡುವುದನ್ನು ಬಿಟ್ಟು ಚಹಾ ಕುಡಿಯಲಾರಂಭಿಸಿದರೆಂದು ದುಃಖಪಟ್ಟು, ಮಾಲ್ಟಿನ ತೆರಿಗೆಯನ್ನು ಖಂಡಿಸಿದನು. ೧೮೮೦ ರಲ್ಲಿ ಆ ತೆರಿಗೆಯು ರದ್ದಾದರೂ, ಅದೇ ವರ್ಷದ ಶಾಸನದ ಪ್ರಕಾರ ಮನೆಯ ಬಳಕೆಗೆ ಮಾಡುವವನೂ ಲೈಸೆನ್ಸು ಪಡೆಯಬೇಕಾಯಿತು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಆದುದು ಇನ್ನೂ ಕಠಿಣ. ೧೯೨೦ ರ ಜನವರಿಯಲ್ಲಿ ಪಾನನಿರೋಧವು ಜಾರಿಗೆ ಬಂದಿತು. ಜನರು ಅಂಗಡಿಯಲ್ಲಿ ಸಿಕ್ಕುವ ಮಾಲ್ಟ್ ಪಾಕಕ್ಕೆ ರೊಟ್ಟಿಯ ಯೀಸ್ಟನ್ನು ಹಾಕಿ ಗುಟ್ಟಾಗಿ ಬಿಯರ್ ಮಾಡಿಕೊಳ್ಳುತ್ತಿದ್ದರು. ಗುಟ್ಟಿನ ಪಾನೀಯಕ್ಕೆ ಬಹಿರಂಗ ಪರೀಕ್ಷೆಯಿಲ್ಲ. ಅಮಲೇರಿದರೆ ಸಾಕೆಂಬುದೇ ಅದರ ಪ್ರಮಾಣವಾಯಿತು. ೧೯೩೩ ರ ಡಿಸೆಂಬರಿನಲ್ಲಿ ಪಾನನಿರೋಧವು ತೊಲಗಿದ ಮೇಲೆ ಮನೆಯಲ್ಲಿ ದ್ರಾಕ್ಷಾರಸದ ಮದ್ಯವನ್ನು ಮಾಡಿಕೊಳ್ಳಲು ಅವಕಾಶವಾಯಿತೇ ಹೊರತು, ಬಿಯರಿಗೆ ಆ ಅವಕಾಶವು ದೊರೆಯಲಿಲ್ಲ.

೫

ಗೃಹಸ್ಥನ ಸ್ವಂತ ಬಳಕೆಯ ಹಕ್ಕೂ ರಾಜ್ಯದ ಅಬಕಾರಿ ಅಧಿಕಾರವೂ ಹೇಗೆ ಹೊಂದಬೇಕೆಂಬ ಪ್ರಶ್ನೆಯು ಪಾಶ್ಚಾತ್ಯರಿಗೆ ಮಾತ್ರ ಸೇರಿದುದಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುರಾಧ್ಯಕ್ಷನ ಪ್ರಕರಣವು ಮದ್ಯದ ತಯಾರಿಕೆಯನ್ನು ರಾಜ್ಯದ ವಶದಲ್ಲಿಟ್ಟಿದ್ದರೂ, ಕುಟುಂಬಿಗಳು ವಿಶೇಷ ಸಂದರ್ಭಗಳಲ್ಲಿ ಶ್ವೇತಸುರೆಯನ್ನೂ ಔಷಧಾರ್ಥವಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದು ಅನುಮತಿಸುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಅನುಮತಿಯು ಪೂರ್ಣವಾಗಿ ಮರಳಿ ದೊರೆತುದು ೧೯೬೩ ರಲ್ಲಿ; ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಮನೆಯ ಬಿಯರಿನ ಮೇಲಣ ಸುಂಕವನ್ನೂ ಲೈಸೆನ್ಸನ್ನೂ ತೆಗೆದುಹಾಕಿದರು. ಅಮೆರಿಕದಲ್ಲಿ ಸೆನೆಟರ್ ಆಲನ್ ಕ್ರಾನ್‌ಸ್ಟನ್ ಅವರು ಸೂಚಿಸಿದ ವಿಧಿಯನ್ನೊಳಗೊಂಡ ಮಸೂದೆಗೆ ಅಧ್ಯಕ್ಷ ಕಾರ್ಟರ್ ೧೯೭೮ ರ ಅಕ್ಟೋಬರ್ ೧೪ ರಂದು ಸಹಿಮಾಡಿದರು. ೧೯೭೯ ರ ಫೆಬ್ರವರಿಯಿಂದ ಒಬ್ಬ ವಯಸ್ಕನಿರುವ ಮನೆಯಲ್ಲಿ ವರ್ಷಕ್ಕೆ ೧೦೦ ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ ೨೦೦ ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಬಹುದಾಯಿತು, ಮಾರುವಂತಿರಲಿಲ್ಲ. ಸಂಸ್ಥಾನಗಳ ಕಾನೂನುಗಳು ಬೇರೆಯಾಗಿದ್ದುದರಿಂದ ಅಲಬಾಮಾ ಮತ್ತು ಮಿಸಿಸಿಪಿಗಳಲ್ಲಿ ೨೦೧೩ ರವರೆಗೆ ಕಾಯಬೇಕಾಯಿತು.

ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ಅಮೆರಿಕದ ಕೇಂದ್ರ ಸರ್ಕಾರದ ನಿಬಂಧನೆಗಳು ಇಂಥ ಬಿಯರನ್ನು ಮನೆಯಿಂದ ಹೊರಗೆ ಪ್ರದರ್ಶನ, ಸ್ಪರ್ಧೆ, ರುಚಿ ನೋಡುವ ಕೂಟ, ತೀರ್ಪಿನ ಸಭೆಗಳಿಗೆ ಒಯ್ಯಬಹುದೆಂದು ಸ್ಪಷ್ಟವಾಗಿ ಹೇಳುತ್ತವೆ. ಮಾಡುವ ಹಕ್ಕಿನೊಡನೆ ನೆರೆಯವರಿಗೆ ರುಚಿ ತೋರಿಸುವ ಹಕ್ಕನ್ನೂ ನಿಬಂಧನೆಯು ಹೀಗೆ ಒಪ್ಪಿಕೊಂಡಿತು.

೬

ಕಾನೂನಿಗಿಂತ ಮೊದಲೇ ಕೂಟಗಳು ಹುಟ್ಟಿದ್ದುವು. ಲಾಸ್ ಏಂಜಲೀಸಿನ ಮಾಲ್ಟೋಸ್ ಫಾಲ್ಕನ್ಸ್ ಎಂಬ ಸಂಘವು ೧೯೭೪ ರಲ್ಲಿ ಸ್ಥಾಪಿತವಾಯಿತು. ೧೯೭೮ ರಲ್ಲಿ ಚಾರ್ಲಿ ಪಪಾಜಿಯನ್ ಮತ್ತು ಚಾರ್ಲಿ ಮ್ಯಾಟ್ಜೆನ್ ಕೊಲರಾಡೋ ಪ್ರಾಂತದ ಬೋಲ್ಡರ್ ನಗರದಲ್ಲಿ ಅಮೆರಿಕನ್ ಹೋಂಬ್ರೂವರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ತೆರೆದು, ಜೈಮರ್ಜಿ ಎಂಬ ಪತ್ರಿಕೆಯನ್ನು ಹೊರಡಿಸಿದರು; ಮರುವರ್ಷವೇ ಸ್ಪರ್ಧೆಯನ್ನು ಆರಂಭಿಸಿದರು. ಸ್ಪರ್ಧೆಗಳು ಹೆಚ್ಚಿದಂತೆ ತೀರ್ಪು ಹೇಳುವವರ ಯೋಗ್ಯತೆಯ ಪ್ರಶ್ನೆಯು ಎದ್ದಿತು. ಅದಕ್ಕಾಗಿ ೧೯೮೫ ರಲ್ಲಿ ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಬಿ.ಜೆ.ಸಿ.ಪಿ. ಎಂಬ ಏರ್ಪಾಡು ಹುಟ್ಟಿತು. ೧೯೯೫ ರಿಂದ ಅದು ಸ್ವತಂತ್ರ ಸಂಸ್ಥೆಯಾಯಿತು.

ಇದರ ಕ್ರಮವು ಹೀಗಿದೆ. ಸೀಸೆಯ ಮೇಲೆ ಮಾಡಿದವನ ಹೆಸರಿರುವುದಿಲ್ಲ. ತೀರ್ಪುಗಾರರು ಜೊತೆಯಾಗಿ ಕುಳಿತರೂ ಮೊದಲು ತಮ್ಮ ತಮ್ಮ ಅಭಿಪ್ರಾಯವನ್ನು ಬೇರೆ ಬೇರೆಯಾಗಿ ಬರೆಯುವರು, ಅನಂತರ ಚರ್ಚಿಸುವರು. ಒಟ್ಟು ೫೦ ಅಂಕಗಳಲ್ಲಿ ಪರಿಮಳಕ್ಕೆ ೧೨, ನೋಟಕ್ಕೆ ೩, ರುಚಿಗೆ ೨೦, ಬಾಯಲ್ಲಿ ಉಂಟಾಗುವ ಸ್ಪರ್ಶಕ್ಕೆ ೫, ಒಟ್ಟು ಅಭಿಪ್ರಾಯಕ್ಕೆ ೧೦. ಅಂಕಕ್ಕಿಂತ ಮುಖ್ಯವಾದುದು ಅದರ ಪಕ್ಕದಲ್ಲಿ ಬರೆಯುವ ಮಾತು. ಮಾಡಿದವನಿಗೆ ಆ ಹಾಳೆಯು ಹಿಂದಿರುಗಿ ತಲಪುತ್ತದೆ.

ಈ ಮಾತಿಗೆ ಬೆಲೆ ಬಂದುದು ರಸಾಯನಶಾಸ್ತ್ರದಿಂದ. ಪಾಸ್ಟರ್ ಪಂಡಿತನು ೧೮೭೬ ರ ತನ್ನ ಗ್ರಂಥದಲ್ಲಿ ಬಿಯರ್ ಕೆಡುವುದಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂಬುದನ್ನು ವಿವರಿಸಿದ್ದನು. ಮುಂದೆ ಪ್ರತಿಯೊಂದು ದುರ್ಗುಣಕ್ಕೂ ಅದರ ಮೂಲದ್ರವ್ಯವನ್ನು ಗುರುತಿಸಲಾಯಿತು. ಬೆಣ್ಣೆಯ ವಾಸನೆ ಬಂದರೆ ಅದು ಡಯಾಸೆಟಿಲ್: ಯೀಸ್ಟ್ ತನ್ನ ಕೆಲಸವನ್ನು ಮುಗಿಸುವ ಮೊದಲೇ ಬಿಯರನ್ನು ಬೇರ್ಪಡಿಸಿರಬಹುದು, ಅಥವಾ ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ಸೇರಿರಬಹುದು, ಇನ್ನು ಕೆಲವು ದಿನ ಯೀಸ್ಟಿನ ಮೇಲೆ ಬಿಟ್ಟು ನೋಡಬೇಕು, ಪಾತ್ರೆಗಳನ್ನು ಚೆನ್ನಾಗಿ ಶುದ್ಧಮಾಡಬೇಕು. ಬೇಯಿಸಿದ ಮೆಕ್ಕೆಜೋಳದ ವಾಸನೆಯಾದರೆ ರಸವನ್ನು ಮುಚ್ಚಳವಿಲ್ಲದೆ ಚೆನ್ನಾಗಿ ಕುದಿಸಿಲ್ಲ. ಹಸಿ ಸೇಬಿನ ವಾಸನೆಯಾದರೆ ಬಿಯರ್ ಇನ್ನೂ ಎಳೆಯದು. ಒದ್ದೆ ರಟ್ಟಿನ ವಾಸನೆಯಾದರೆ ಹುದುಗಿದ ಮೇಲೆ ಗಾಳಿ ತಗಲಿದೆ, ಅಥವಾ ಬಿಯರ್ ಹಳೆಯದಾಗಿದೆ. ಬೆಳಕು ಬಿದ್ದರೆ ಹಾಪ್ಸಿನ ಅಂಶವು ಒಡೆದು ದುರ್ಗಂಧವಾಗುವುದು, ಕಂದು ಸೀಸೆಯಲ್ಲಿಡಬೇಕು. ಹಿಂದಿನ ಪರೀಕ್ಷಕನು ಏಲ್ ಕೆಟ್ಟಿದೆಯೆಂದು ಹೇಳಿ ದಂಡ ಹಾಕಿಸಿದಲ್ಲಿ, ಈ ಪರೀಕ್ಷಕನು ಎಲ್ಲಿ ಕೆಟ್ಟಿತು, ಮುಂದಿನ ಸಲ ಏನು ಮಾಡಬೇಕು ಎಂಬುದನ್ನು ಬರೆದುಕೊಡುವನು.

ಈ ಪದ್ಧತಿಗೂ ಮಿತಿಯಿದೆ. ತೀರ್ಪು ಹೇಳುವುದು ಗೊತ್ತಾದ ಬಿಯರ್ ವರ್ಗಗಳ ಲಕ್ಷಣಗಳಿಗೆ ಹೋಲಿಸಿ. ಬೆಣ್ಣೆಯ ಸುಳಿವು ಬೊಹೀಮಿಯಾದ ಬಿಯರಿನಲ್ಲಿ ಸ್ವಲ್ಪಮಟ್ಟಿಗೆ ಸಹ್ಯ. ಜರ್ಮನಿಯ ಬಿಯರಿನಲ್ಲಿ ದೋಷ. ಲಕ್ಷಣಗ್ರಂಥಕ್ಕೆ ಸೇರದ ಮನೆತನದ ರುಚಿಯೊಂದು ಕೇವಲ ಬೇರೆಯಾಗಿರುವುದರಿಂದಲೇ ಅಂಕವನ್ನು ಕಳೆದುಕೊಳ್ಳಬಹುದು. ನಾರ್ವೆಯ ನೆರೆಯವನಿಗೆ ಇಂಥ ಗೊಂದಲವಿರಲಿಲ್ಲ. ಅವನ ಪ್ರಮಾಣವೂ ಮಾಡಿದವನ ಪ್ರಮಾಣವೂ ಒಂದೇ ಆಗಿದ್ದುವು.

೭

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಆಂಗ್ಲ ಗ್ರಾಮದ ಪರೀಕ್ಷಕನಲ್ಲಿ ನಿರ್ಭಯತೆಯಿದ್ದಿತು, ಉಪದೇಶವಿರಲಿಲ್ಲ. ನಾರ್ವೆಯ ಅತಿಥಿಯಲ್ಲಿ ಕಸಬಿನ ಅರಿವಿದ್ದಿತು, ಆದರೆ ದಾಕ್ಷಿಣ್ಯವೂ ಇದ್ದಿತು. ಪಾನನಿರೋಧದ ಕಾಲದ ಅಮೆರಿಕದಲ್ಲಿ ಎರಡೂ ಇಲ್ಲದೆ ಮನೆಯ ಬಿಯರ್ ಹೀನಸ್ಥಿತಿಗೆ ಇಳಿಯಿತು. ೧೯೭೮ ರ ಅನಂತರದ ಕೂಟಗಳು ಹೆಸರನ್ನು ಮರೆಮಾಡಿ ದಾಕ್ಷಿಣ್ಯವನ್ನು ಕಳೆದುವು. ತೀರ್ಪುಗಾರನು ಸಾಮಾನ್ಯವಾಗಿ ತಾನೂ ಮನೆಯಲ್ಲಿ ಬಿಯರ್ ಮಾಡುವವನೇ ಆದುದರಿಂದ ಅರಿವನ್ನು ಉಳಿಸಿಕೊಂಡುವು. ದಂಡದ ಸ್ಥಳದಲ್ಲಿ ಸಲಹೆಯನ್ನಿಟ್ಟುವು. ಕಾನೂನು ಅನುಮತಿ ಕೊಟ್ಟಿತು. ಕಸಬನ್ನು ಕಲಿಸಿದುದು ಸತ್ಯವನ್ನು ಹೇಳುವ ನೆರೆಯವನ ನಾಲಗೆ.