ಹಾಡು ಸಿಕ್ಕಿತು, ಹಾಡಿದವರು?

ಶಾಲೆಯ ಕನ್ನಡ ಪುಸ್ತಕದಲ್ಲಿ ಪ್ರತಿ ಪದ್ಯದ ಜೊತೆಗೂ ಒಂದು ಹೆಸರು ಇರುತ್ತಿತ್ತು, ನೆನಪಿದೆಯಾ? ಕುವೆಂಪು, ಬೇಂದ್ರೆ, ಪು.ತಿ.ನ... ಹುಟ್ಟಿದ ಊರು, ಇಸವಿ, ಬರೆದ ಕೃತಿಗಳು. "ಕವಿ ಪರಿಚಯ ಬರೆಯಿರಿ" ಅನ್ನೋ ಪ್ರಶ್ನೆ ಪರೀಕ್ಷೆಗೆ ಗ್ಯಾರಂಟಿ. ಅದರ ನಡುವೆ ಎಲ್ಲೋ ಒಂದು ಕಡೆ ತ್ರಿಪದಿಗಳ ಪಾಠ. ಅಲ್ಲಿ ಮಾತ್ರ "ಜನಪದ" ಅಂತ ಒಂದೇ ಒಂದು ಪದ. ಕವಿಯೂ ಇಲ್ಲ, ಪರಿಚಯವೂ ಇಲ್ಲ, ಅಷ್ಟರಮಟ್ಟಿಗೆ ನಮಗೆ ಓದುವುದು ಕಡಿಮೆ :)

ಆದರೆ ಈ "ಜನಪದ" ಅನ್ನುವವರು ಯಾರು? ಆ ಹಾಡನ್ನು ಒಂದು ದಿನ, ಒಂದು ಊರಿನಲ್ಲಿ, ಯಾರೋ ಒಬ್ಬರು ಹಾಡಿರಬೇಕಲ್ಲ? ಇನ್ನೊಬ್ಬರು ಎದುರಿಗೆ ಕೂತು ಬರೆದುಕೊಂಡಿರಬೇಕಲ್ಲ? ಬರೆದುಕೊಂಡವರ ಹೆಸರು ಪುಸ್ತಕದ ಮೇಲಿದೆ. ಹಾಡಿದವರದು?

ನಾನು ಜಾನಪದ ವಿದ್ವಾಂಸನಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೂ ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ, ನಮ್ಮ ಹಾಡುಗಳನ್ನು ಯಾರು ಯಾರು, ಯಾವಾಗ, ಹೇಗೆ ಕೂಡಿಹಾಕಿದರು ಅಂತ ಬಿಡುವಾದಾಗಲೆಲ್ಲ ಓದುತ್ತಾ ಬಂದಿದ್ದೇನೆ. ಓದಿದ್ದರಲ್ಲಿ ಒಂದಷ್ಟನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಶುರುವಿನಲ್ಲಿ ಸಿಗುವವರು ಬಿಳಿಯ ಸಾಹೇಬರು. 1871ರಲ್ಲಿ ಚಾರ್ಲ್ಸ್ ಗೋವರ್ ಎಂಬಾತ ದಕ್ಷಿಣ ಭಾರತದ ಜನಪದ ಗೀತೆಗಳು ಅಂತ ಒಂದು ಇಂಗ್ಲಿಷ್ ಪುಸ್ತಕವನ್ನು ಮದ್ರಾಸಿನಿಂದ ತಂದ. ತಮಾಷೆಯೆಂದರೆ ಅದರ ಕನ್ನಡ ಭಾಗದಲ್ಲಿರುವುದು ಹೆಚ್ಚಾಗಿ ದಾಸರ ಪದಗಳು. ಬೀದಿಯಲ್ಲಿ ಜನ ಹಾಡುತ್ತಿದ್ದರು ನಿಜ, ಆದರೆ ಕೊನೆಯಲ್ಲಿ ಅಂಕಿತ ಇರುವ, ಯಾರದೆಂದು ಎಲ್ಲರಿಗೂ ಗೊತ್ತಿರುವ ಹಾಡುಗಳು ಅವು.

ಇನ್ನೊಬ್ಬರು ಜಾನ್ ಫೇತ್‌ಫುಲ್ ಫ್ಲೀಟ್. ಶಾಸನಗಳ ಬಗ್ಗೆ ಸ್ವಲ್ಪ ಓದಿದವರಿಗೂ ಈ ಹೆಸರು ಗೊತ್ತು. ಮುಂಬೈ ಪ್ರಾಂತದ ಅಧಿಕಾರಿಯಾಗಿದ್ದುಕೊಂಡು ಕನ್ನಡ ನಾಡಿನ ಎಷ್ಟೋ ಶಾಸನಗಳನ್ನು ಓದಿ ಪ್ರಕಟಿಸಿದಾತ. ಗುಪ್ತರ ಶಾಸನಗಳ ಸಂಪುಟ 1888ರಲ್ಲಿ ಬಂದದ್ದೂ ಇವರಿಂದಲೇ. ಇದೇ ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಉತ್ತರ ಕರ್ನಾಟಕದ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಕಂತುಕಂತಾಗಿ ಅಚ್ಚು ಹಾಕಿಸಿದರು. ಯಾವ ಲಾವಣಿಗಳು ಅಂತೀರಿ? ಸಂಗೊಳ್ಳಿ ರಾಯಣ್ಣನದು. ಹಲಗಲಿಯ ಬೇಡರದು.

ಸ್ವಲ್ಪ ಯೋಚಿಸಿ ನೋಡಿ. ರಾಯಣ್ಣನನ್ನು ಕಂಪನಿ ಸರಕಾರ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಅಂತ ತಿರುಗಿಬಿದ್ದದ್ದು 1857ರಲ್ಲಿ. ಸರಕಾರದ ಕಡತಗಳಲ್ಲಿ ಇವರೆಲ್ಲ ದಂಗೆಕೋರರು. ಹಳ್ಳಿಯ ಹಾಡಿನಲ್ಲಿ ಮಾತ್ರ ವೀರರು. ಆ ಹಾಡುಗಳನ್ನು ಬರೆದಿಟ್ಟು ಅಚ್ಚು ಮಾಡಿದ್ದು ಅದೇ ಸರಕಾರದ ಒಬ್ಬ ಅಧಿಕಾರಿ! ಸೋತವರ ಕಡೆಯ ಮಾತು ನಮಗೆ ಇವತ್ತು ಕೇಳಿಸುತ್ತದೆ ಅಂದರೆ ಅದರಲ್ಲಿ ಇಂಥ ಲಾವಣಿಗಳ ಪಾಲು ದೊಡ್ಡದು.

ಲಾವಣಿಯಲ್ಲಿ ಇನ್ನೊಂದು ವಿಶೇಷ ಇದೆ. ಲಾವಣಿಕಾರರು ಗಂಡಸರು, ಮೇಳ ಕಟ್ಟಿ ಜನರೆದುರು ಹಾಡುವವರು. ಕೊನೆಯ ನುಡಿಯಲ್ಲಿ ತಮ್ಮ ಊರನ್ನೋ, ಊರ ದೇವರನ್ನೋ, ಗುರುವನ್ನೋ, ತಮ್ಮ ಹೆಸರನ್ನೋ ಸೇರಿಸಿಬಿಡುವುದು ಅವರ ರೂಢಿ. ಅಂದರೆ ಹಾಡಿನೊಳಗೇ ಸಹಿ ಇದೆ. ಬರೆದುಕೊಳ್ಳುವವನು ಕೇಳಲಿ ಬಿಡಲಿ, ಹೆಸರು ಹಾಡಿನ ಜೊತೆ ಉಳಿಯುತ್ತದೆ. ಶಾಸನದಲ್ಲೂ ಹಾಗೇ ಅಲ್ಲವೇ? ದಾನ ಕೊಟ್ಟವನು, ತೆಗೆದುಕೊಂಡವನು, ಎಷ್ಟೋ ಕಡೆ ಬರೆದವನು, ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಕೂಡ.

ಬೀಸುವ ಕಲ್ಲಿನ ಪದಕ್ಕೆ ಈ ಅದೃಷ್ಟ ಇಲ್ಲ. ಅದಕ್ಕೆ ಅಂಕಿತವೇ ಇಲ್ಲ.

ಸಾಹೇಬರಾಯಿತು, ನಮ್ಮವರ ವಿಷಯಕ್ಕೆ ಬರೋಣ. ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಅಂತ ಇದ್ದರು. ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಕೊಡವರ ಹಾಡು, ಗಾದೆ, ಹಬ್ಬ, ಮದುವೆ ಸಾವಿನ ಪದ್ಧತಿಗಳನ್ನೆಲ್ಲ ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. ಹಾಡುಗಳು ಕೊಡವ ಭಾಷೆಯವು, ಲಿಪಿ ಕನ್ನಡ. ನಮ್ಮ ದೇಶದಲ್ಲಿ ಒಂದು ಸಮುದಾಯದವರೇ ತಮ್ಮ ಜಾನಪದವನ್ನು ತಾವೇ ಕೂಡಿಸಿದ ಮೊದಮೊದಲ ದೊಡ್ಡ ಸಂಗ್ರಹಗಳಲ್ಲಿ ಇದೂ ಒಂದು. ಅವರ ಮೊಮ್ಮಕ್ಕಳು ಇದನ್ನು ಇಂಗ್ಲಿಷಿಗೆ ತಂದರು, 2003ರಲ್ಲಿ. ಅಜ್ಜ ಕೂಡಿಟ್ಟದ್ದನ್ನು ಮೊಮ್ಮಕ್ಕಳು ಎತ್ತಿಕೊಂಡದ್ದು ಕೇಳಿದಾಗ ನನಗಂತೂ ಬಹಳ ಖುಷಿಯಾಯಿತು.

ಆಮೇಲೆ ಬಂದದ್ದು ಹಲಸಂಗಿ ಗೆಳೆಯರ ಗುಂಪು. ಆಗಿನ ಬಿಜಾಪುರ ಜಿಲ್ಲೆಯ ಹಲಸಂಗಿ ಅನ್ನುವ ಹಳ್ಳಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಇವರು ಸೇರಿ ಹಳ್ಳಿಯ ಹೆಂಗಸರ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಆಮೇಲೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಬಂದವು. ದೊಡ್ಡ ಊರಿಲ್ಲ, ಯೂನಿವರ್ಸಿಟಿ ಇಲ್ಲ, ಫಂಡ್ ಇಲ್ಲ, ಬರೀ ಗೆಳೆತನದ ಮೇಲೆ ನಡೆದ ಕೆಲಸ ಇದು. ಬೀಸುವಾಗ ಕುಟ್ಟುವಾಗ ಹುಟ್ಟಿದ ಮೂರು ಸಾಲಿನಲ್ಲಿ ಎಂಥ ಕಾವ್ಯ ಇದೆ ಅಂತ ಓದುಬರಹ ಬಲ್ಲ ಕನ್ನಡಿಗರಿಗೆ ಮೊದಲ ಸಲ ಗಟ್ಟಿಯಾಗಿ ತೋರಿಸಿದ್ದು ಈ ಪುಸ್ತಕ.

ಆದರೆ ಹೆಸರನ್ನು ಗಮನಿಸಿ. 'ಗರತಿ'ಯ ಹಾಡು. ಗರತಿ ಅಂದರೆ ಒಬ್ಬಳಲ್ಲ, ಎಲ್ಲ ಗೃಹಿಣಿಯರೂ ಹೌದು. ಆ ಕಾಲಕ್ಕೆ ಅದು ಗೌರವದ ಮಾತೇ. ಹಾಡು ಇಡೀ ಸಮುದಾಯದ್ದು, ಒಬ್ಬರದಲ್ಲ ಅನ್ನುವ ನಂಬಿಕೆ ಅದರ ಹಿಂದೆ ಇತ್ತು.

ಈ ನಂಬಿಕೆ ಸುಳ್ಳೇನಲ್ಲ. ನಮ್ಮಜ್ಜಿಯ ಒಂದು ಮಾತು ಹೇಳುತ್ತೇನೆ. ನಮ್ಮದು ಹಾಸನದ ಕಡೆಯ ಊರು. ಒಮ್ಮೆ ಮೊಬೈಲು ಹಿಡಿದು ಎದುರಿಗೆ ಕೂತು "ಅಜ್ಜಿ, ಒಂದು ಪದ ಹೇಳು" ಅಂದೆ. "ಸುಮ್ನೆ ಕೂತ್ಕಂಡು ಹೇಳು ಅಂದ್ರೆ ಪದ ಎಲ್ಲಿಂದ ಬತ್ತದೆ ಮಗ? ಕೈಯಾಡಿದ್ರೆ ಬಾಯಾಡ್ತದೆ" ಅಂದಳು. ಅವರೆಕಾಯಿ ಕಾಲ. ಮೊರದ ತುಂಬ ಕಾಯಿ ಸುರಿದುಕೊಂಡು ಸುಲಿಯುವುದಕ್ಕೆ ಕೂತ ಮೇಲೆ ಪದಗಳು ತಾವಾಗಿ ಬಂದವು. ಅದರಲ್ಲಿ ಒಂದು ಅಣ್ಣನ ಮೇಲಿನ ಪದ. ಅದರಲ್ಲಿ ಬಂದ ಹೆಸರು ನಮ್ಮಜ್ಜಿಯ ಸ್ವಂತ ಅಣ್ಣನದು! ಕೇಳಿದರೆ, "ಊಂ, ನಮ್ಮವ್ವ ಹೇಳೋವಾಗ ನಮ್ಮ ಸೋದರಮಾವನ ಹೆಸರು ಹಾಕೋಳು. ನಾನು ನಮ್ಮಣ್ಣಂದು ಹಾಕ್ಕಂಡೆ" ಅಂದಳು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆ ಜಾಗ ಒಂದು ವೇರಿಯಬಲ್ಲು. ಹಾಡುವವಳು ತನ್ನ ತವರನ್ನು, ತನ್ನ ಅಣ್ಣತಮ್ಮಂದಿರನ್ನು, ತನ್ನ ಮಗುವನ್ನು ಅಲ್ಲಿ ತುಂಬಿಕೊಳ್ಳಬೇಕು. ಹಾಗೆ ತುಂಬಿಕೊಳ್ಳಲಿ ಅಂತಲೇ ಅದಕ್ಕೆ ಅಂಕಿತ ಇಲ್ಲ. ಅಚ್ಚಾದ ಪುಸ್ತಕದಲ್ಲಿ ಆ ಜಾಗದಲ್ಲಿ ಯಾವುದೋ ಒಂದು ಹೆಸರು ಗಟ್ಟಿಯಾಗಿ ಕೂತುಬಿಡುತ್ತದೆ. ಯಾರ ಅಣ್ಣ, ಯಾವ ತವರು, ಯಾವ ಕೆಲಸ ಮಾಡುತ್ತಾ ಹಾಡಿದ್ದು, ಒಂದೂ ಗೊತ್ತಾಗುವುದಿಲ್ಲ. ಹಾಗಾಗಿ ಹಾಡಿದವಳ ಹೆಸರು ಬಿಟ್ಟುಹೋದರೆ ಬರೀ ಒಂದು ಹೆಸರಲ್ಲ ಹೋಗುವುದು. ಆ ಹಾಡು ಹೇಗೆ ಬದುಕುತ್ತಿತ್ತು ಅನ್ನುವುದೇ ಹೋಗುತ್ತದೆ. ಬೀಸುವ ಕಲ್ಲಿನ ಜಾಗಕ್ಕೆ ಗಿರಣಿ, ಮಿಕ್ಸಿ ಬಂದು ಎಷ್ಟೋ ಕಾಲವಾಯಿತು. ಕೈ ನಿಂತ ಮೇಲೆ ಬಾಯಿ ಎಷ್ಟು ದಿನ ಆಡೀತು?

ಇದು ಆಮೇಲಿನವರಿಗೆ ಹೊಳೆಯಲಿಲ್ಲ ಅಂತಲ್ಲ. ಎಚ್.ಎಲ್. ನಾಗೇಗೌಡರ ಹೆಸರು ನಿಮಗೆಲ್ಲ ಗೊತ್ತು. ದೊಡ್ಡ ಸರಕಾರಿ ಹುದ್ದೆಗಳಲ್ಲಿದ್ದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ತೆರೆದವರು. ಮೈಸೂರು ರಸ್ತೆಯಲ್ಲಿ ಹೋಗುವಾಗ ಬರೀ ಇಡ್ಲಿ ವಡೆಗೆ ಗಾಡಿ ನಿಲ್ಲಿಸುವವರು ಒಮ್ಮೆ ಅಲ್ಲಿಯೂ ನಿಲ್ಲಿಸಿ. ಅವರ ಸಂಗ್ರಹಗಳಲ್ಲಿ ಒಂದರ ಹೆಸರು 'ಸೋಬಾನೆ ಚಿಕ್ಕಮ್ಮನ ಪದಗಳು'. ನನಗೆ ಈ ಶೀರ್ಷಿಕೆ ತುಂಬಾ ಇಷ್ಟ. ಗರತಿ ಅಲ್ಲ, ಜನಪದ ಅಲ್ಲ, ಚಿಕ್ಕಮ್ಮ! ಕುವೆಂಪು ಅವರ ಪುಸ್ತಕದ ಮೇಲೆ ಕುವೆಂಪು ಹೆಸರು ಇದ್ದಂತೆ, ಈಕೆಯ ಪದಗಳ ಮೇಲೆ ಈಕೆಯ ಹೆಸರು.

ಅದಕ್ಕಿಂತ ದೊಡ್ಡ ಉದಾಹರಣೆ ತುಳುನಾಡಿನದು. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಸಿರಿ ಪಾಡ್ದನ ಬಲ್ಲವರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಸೇರಿ 1990ರ ಡಿಸೆಂಬರಿನಲ್ಲಿ ಹಲವು ದಿನ ಕೂತು ಅವರ ಬಾಯಿಂದ ಇಡೀ ಸಿರಿ ಕಾವ್ಯವನ್ನು ರೆಕಾರ್ಡ್ ಮಾಡಿದರು. 1998ರಲ್ಲಿ ಪುಸ್ತಕ ಬಂತು. ಒಟ್ಟು 15,683 ಸಾಲು. ಹೋಮರನ ಇಲಿಯಡ್ಡಿನ ಸಾಲುಗಳನ್ನು ಎಣಿಸಿದರೆ 15,693. ಹತ್ತೇ ಸಾಲು ಕಮ್ಮಿ! ಹೋಮರ್ ಅಂತ ಒಬ್ಬ ನಿಜವಾಗಿ ಇದ್ದನೋ ಇಲ್ಲವೋ ಅಂತ ಜಗಳ ಇನ್ನೂ ನಡೆದಿದೆ. ಇಲ್ಲಿ ಆ ಪ್ರಶ್ನೆಯೇ ಇಲ್ಲ. ಹಾಡಿದವರು ಗೋಪಾಲ ನಾಯ್ಕರು, ಊರು ಮಾಚಾರು, ಕಸುಬು ಬೇಸಾಯ. ಅವರು ಹೇಗೆ ನೆನಪಿಟ್ಟುಕೊಳ್ಳುತ್ತಾರೆ, ಸಂದರ್ಭಕ್ಕೆ ತಕ್ಕಂತೆ ಹೇಗೆ ಹಿಗ್ಗಿಸುತ್ತಾರೆ ಕುಗ್ಗಿಸುತ್ತಾರೆ ಅನ್ನುವುದರ ಮೇಲೆಯೇ ಹೊಂಕೊ ಇನ್ನೊಂದು ದಪ್ಪ ಪುಸ್ತಕ ಬರೆದರು. ಸಿರಿ ಅವರ ತಲೆಯಲ್ಲಿ ಬಾಯಿಪಾಠದ ಸಾಲುಗಳಾಗಿ ಕೂತಿರಲಿಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವ ಕಾವ್ಯವಾಗಿತ್ತು. ಹಾಡಿದವರನ್ನು ಕೂರಿಸಿ ಕೇಳಿದ್ದರಿಂದಲೇ ಇದು ಗೊತ್ತಾದದ್ದು.

"ಅಯ್ಯೋ, ಹಾಡು ಉಳಿದರೆ ಸಾಲದೇ, ಹೆಸರಿನ ಹಂಗೇಕೆ?" ಅಂತ ಕೇಳುವವರಿದ್ದಾರೆ. ನನ್ನ ಉತ್ತರ ಇಷ್ಟೇ. ಸಿನಿಮಾದಲ್ಲಿ, ಕ್ಯಾಸೆಟ್ಟಿನಲ್ಲಿ "ಸಾಹಿತ್ಯ: ಜಾನಪದ" ಅಂತ ಬಂದಾಗ ಆ ಹಾಡಿನ ದುಡ್ಡು, ಹೆಸರು ಎಲ್ಲವೂ ಹಾಡು ತಂದುಕೊಟ್ಟವರನ್ನು ಬಿಟ್ಟು ಉಳಿದವರಿಗೆ ಹೋಗುತ್ತದೆ. ಸಮುದಾಯದ್ದು ಅನ್ನುವ ಮಾತು ಕೇಳುವುದಕ್ಕೆ ಚೆನ್ನ. ಆದರೆ ಸಮುದಾಯದ ಯಾರಿಗೂ ಏನೂ ಕೊಡದಿರಲು ಅದೇ ಒಳ್ಳೆಯ ನೆಪವೂ ಆಗಿಬಿಡುತ್ತದೆ. ಹಾಡುವವರಲ್ಲಿ ಹೆಚ್ಚಿನವರು ಯಾರು ಅಂತ ನೋಡಿ. ಹೆಂಗಸರು, ದಲಿತರು, ಬುಡಕಟ್ಟಿನವರು, ಶಾಲೆಯ ಮುಖ ಕಾಣದವರು. ಉಳಿದ ಯಾವ ದಾಖಲೆಯಲ್ಲೂ ಇವರ ಹೆಸರಿಲ್ಲ. ಹಾಡಿನ ಕೆಳಗೂ ಬರೆಯದಿದ್ದರೆ ಇನ್ನೆಲ್ಲಿ?

ಎ.ಕೆ. ರಾಮಾನುಜನ್ ಕನ್ನಡದ ಹಳ್ಳಿಗಳಲ್ಲಿ ಕಥೆ ಕೇಳುತ್ತಾ ಅಲೆದವರು. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಮೇಷ್ಟರಾಗಿದ್ದಾಗಿನಿಂದ ಕೂಡಿಸುತ್ತಾ ಬಂದ ಕಥೆಗಳ ಇಂಗ್ಲಿಷ್ ಸಂಗ್ರಹ ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂತು. ಅದರಲ್ಲಿ ಒಂದು ಕಥೆ ಇದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಕಥೆ, ಹಾಡು ಎರಡೂ ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದು, ಒಂದು ಜೋಡಿನ ರೂಪ, ಇನ್ನೊಂದು ಗಂಡಸಿನ ಕೋಟಿನ ರೂಪ ತಾಳುತ್ತವೆ. ಮನೆಗೆ ಬಂದ ಗಂಡನಿಗೆ ಅನುಮಾನ, ಜಗಳ. ಅವನು ಸಿಟ್ಟಿನಿಂದ ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ರಾತ್ರಿ ಊರಿನ ಆರಿಸಿದ ದೀಪಗಳ ಜ್ವಾಲೆಗಳೆಲ್ಲ ಆ ಗುಡಿಯಲ್ಲಿ ಸೇರಿ ಮಾತಾಡಿಕೊಳ್ಳುವಾಗ ಅವನ ಮನೆಯ ದೀಪ ನಡೆದದ್ದನ್ನು ಹೇಳುತ್ತದೆ. ಮನೆಗೆ ಬಂದು ಅವನು ಕೇಳಿದರೆ ಹೆಂಡತಿ, ಯಾವ ಕಥೆ, ಯಾವ ಹಾಡು ಅಂತಾಳೆ. ಅವಳಿಗೇ ಮರೆತುಹೋಗಿರುತ್ತದೆ!

ಹೇಳದ ಕಥೆ ಸೇಡು ತೀರಿಸಿಕೊಳ್ಳುತ್ತದೆ ಅಂತ ಇದನ್ನು ಓದುವುದು ವಾಡಿಕೆ. ನನಗೆ ಇನ್ನೊಂದೂ ಕಾಣುತ್ತದೆ. ಅವಳು ಯಾರಿಗೂ ಹೇಳಲಿಲ್ಲ, ಸರಿ. ಆದರೆ ಆ ಮನೆಯಲ್ಲಿ ಯಾರಾದರೂ ಅವಳನ್ನು ಕೇಳಿದ್ದರಾ? ಗಂಡ ಕೇಳಿದ್ದು "ಇದು ಯಾರ ಕೋಟು?" ಅಂತ.

ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜ, 2017ರಲ್ಲಿ ಪದ್ಮಶ್ರೀ ಬಂದಿತ್ತು. ಬಳ್ಳಾರಿ ಕಡೆಯ ಬುರ್ರಕಥೆಯ ದರೋಜಿ ಈರಮ್ಮ 2014ರಲ್ಲೇ ಹೋದರು. ಇವರ ಹೆಸರಾದರೂ ನಮಗೆ ಗೊತ್ತು. ಪ್ರಶಸ್ತಿ ಮುಟ್ಟದ ಎಷ್ಟು ಅಜ್ಜಿಯರು, ತಾತಂದಿರು ನಮ್ಮ ನಮ್ಮ ಊರುಗಳಲ್ಲಿ ಇದ್ದಾರೋ!

ಹಲಸಂಗಿ ಗೆಳೆಯರ ಕೈಯಲ್ಲಿದ್ದದ್ದು ಪೆನ್ಸಿಲ್ಲು ಕಾಗದ. ನಮ್ಮ ಜೇಬಿನಲ್ಲಿ ರೆಕಾರ್ಡರು, ಕ್ಯಾಮೆರಾ ಎರಡೂ ಇವೆ. ಹಾಗಾಗಿ ಹಬ್ಬಕ್ಕೆ ಊರಿಗೆ ಹೋದಾಗ ಇಷ್ಟು ಮಾಡಬಹುದು. ರೆಕಾರ್ಡ್ ಮಾಡಲೇ ಅಂತ ಮೊದಲು ಕೇಳಿ. ಹಾಡು ಶುರುವಾಗುವ ಮುಂಚೆ ಅವರ ಹೆಸರು, ವಯಸ್ಸು, ಊರು, ಹೆಂಗಸರಾದರೆ ತವರೂರು, ಯಾರಿಂದ ಕಲಿತದ್ದು, ಯಾವ ಕೆಲಸಕ್ಕೆ ಅಥವಾ ಯಾವ ಶಾಸ್ತ್ರಕ್ಕೆ ಹಾಡುವುದು, ಇಷ್ಟನ್ನೂ ಅವರ ಬಾಯಿಂದಲೇ ಹೇಳಿಸಿ. ಕೈಗೆ ಒಂದು ಕೆಲಸ ಕೊಡಿ :) ನಡುವೆ ಬಾಯಿ ಹಾಕಿ ತಿದ್ದಬೇಡಿ. ಮರೆತು ತಡವರಿಸಿದ್ದನ್ನು, ಪಕ್ಕದಲ್ಲಿ ಕೂತವರು ನೆನಪಿಸಿದ್ದನ್ನು ಕತ್ತರಿಸಬೇಡಿ. ಅದೇ ಪದವನ್ನು ಇನ್ನೊಬ್ಬರು ಬೇರೆ ಥರ ಹೇಳಿದರೆ ಯಾವುದು ಸರಿ ಅಂತ ಪಂಚಾಯ್ತಿ ಮಾಡದೆ ಎರಡನ್ನೂ ಇಟ್ಟುಕೊಳ್ಳಿ. ಫೈಲಿಗೆ 'ಅಜ್ಜಿ1', 'ಅಜ್ಜಿ2' ಅನ್ನದೆ ಹೆಸರು, ಊರು, ತಾರೀಖು ಹಾಕಿ ಎರಡು ಕಡೆ ಕಾಪಿ ಇಡಿ. ಒಂದು ಕಾಪಿಯನ್ನು ಅವರ ಮನೆಯವರಿಗೇ ಕೊಟ್ಟು ಬನ್ನಿ. ಎಲ್ಲಾದರೂ ಹಾಕುವುದಿದ್ದರೆ ಇನ್ನೊಮ್ಮೆ ಕೇಳಿ, ಬೇಡ ಅಂದರೆ ಬೇಡ.

ಇದಕ್ಕೆ ಡಿಗ್ರಿ ಬೇಡ, ಒಂದು ಮಧ್ಯಾಹ್ನ ಸಾಕು. ಹಾಡು ಆಮೇಲೆ. ಮೊದಲು ಹೆಸರು ಕೇಳಿ.