ಮರ್ಸೆನ್ನನ ಪಟ್ಟಿಯೂ ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಯೂ

ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ್ದು ಅವಿಭಾಜ್ಯ ಸಂಖ್ಯೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರೇ. 7, 31ರಂಥ ಸಂಖ್ಯೆಗಳನ್ನು ಬಾಯಿಲೆಕ್ಕದಲ್ಲೇ ಪರೀಕ್ಷಿಸಬಹುದು. ಸಂಖ್ಯೆ ಬೆಳೆದಂತೆ ಪರೀಕ್ಷೆ ದುಸ್ಸಾಧ್ಯವಾಗುತ್ತದೆ. ಆಗ ಬಲ್ಲವರ ಮಾತನ್ನೇ ಪ್ರಮಾಣವೆಂದು ಒಪ್ಪಿಬಿಡುತ್ತೇವೆ. ಗಣಿತದಲ್ಲಿಯೂ ಹಾಗೆ ಆದದ್ದುಂಟು.

1644ರಲ್ಲಿ ಪ್ಯಾರಿಸ್ಸಿನ ಕ್ರೈಸ್ತ ಸಂನ್ಯಾಸಿ ಮರೀನ್ ಮರ್ಸೆನ್ ತನ್ನ ಗ್ರಂಥವೊಂದರ ಮುನ್ನುಡಿಯಲ್ಲಿ ಒಂದು ಪಟ್ಟಿಯನ್ನು ಕೊಟ್ಟನು. 2ರ ಘಾತದಿಂದ 1ನ್ನು ಕಳೆದಾಗ, ಘಾತಾಂಕ 257ರವರೆಗೆ, ಅವಿಭಾಜ್ಯ ದೊರೆಯುವುದು 2, 3, 5, 7, 13, 17, 19, 31, 67, 127, 257 ಎಂಬ ಹನ್ನೊಂದು ಘಾತಾಂಕಗಳಿಗೆ ಮಾತ್ರವೆಂದನು. ಸಾಧನೆಯನ್ನು ಕೊಡಲಿಲ್ಲ. ಘಾತಾಂಕ ಅವಿಭಾಜ್ಯವಾಗಿದ್ದರೆ ಸಾಲದು. 11ನ್ನು ಇಟ್ಟರೆ ಬರುವ 2047, 23 ಮತ್ತು 89ರ ಗುಣಲಬ್ಧ. 31ರಿಂದ ಬರುವ 2147483647 ಅವಿಭಾಜ್ಯವೇ ಎಂದು ಆಯ್ಲರ್ 1772ರಲ್ಲಿ ತೋರಿಸಿದನು. ಅದರಾಚೆಯವು ಇನ್ನೂ ನೂರು ವರ್ಷ ನಂಬಿಕೆಯ ಮೇಲೆಯೇ ನಿಂತವು.

127ರ ಸರದಿಯ ಸಂಖ್ಯೆ ಇದು: 170141183460469231731687303715884105727. ಭಾಗಿಸಿ ಪರೀಕ್ಷಿಸಲು ಹೊರಟರೆ 20 ಅಂಕಿಗಳ ಸಂಖ್ಯೆಗಳವರೆಗೆ ಹೋಗಬೇಕು; ಒಂದು ಆಯುಷ್ಯ ಸಾಲದು. 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ಬೇರೊಂದು ದಾರಿ ಹಿಡಿದನು. 1930ರಲ್ಲಿ ಲೆಹ್ಮರ್ ಪರಿಷ್ಕರಿಸಿದ ಅದರ ರೂಪ ಹೀಗಿದೆ: 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅದು ಅವಿಭಾಜ್ಯ. ಘಾತಾಂಕ 5ರಿಂದ ಬರುವ 31ಕ್ಕೆ ಮೂರೇ ಹೆಜ್ಜೆ: 14, 194, ಅದರ ಶೇಷ 8, ಬಳಿಕ 62, ಶೇಷ ಸೊನ್ನೆ. 127ಕ್ಕೆ ಇಂಥ ಹೆಜ್ಜೆಗಳು 125. ಲ್ಯೂಕಾ ತನ್ನ ವಿಧಾನದಿಂದ ಆ ಸಂಖ್ಯೆ ಅವಿಭಾಜ್ಯವೆಂದು ಸಾಧಿಸಿದನು. 1951ರವರೆಗೆ ಅದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ತಿಳಿದಿರಲಿಲ್ಲ.

ಅದೇ ವಿಧಾನ 67ರ ಸಂಖ್ಯೆಯನ್ನು ಪಟ್ಟಿಯಿಂದ ಹೊರಗೆ ಹಾಕಿತು. ವಿಚಿತ್ರವೆಂದರೆ, ಅದು ಒಡೆಯುತ್ತದೆಂದು ತಿಳಿಯಿತೇ ಹೊರತು ಹೇಗೆ ಒಡೆಯುತ್ತದೆಂದು ತಿಳಿಯಲಿಲ್ಲ. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಗಣಿತ ಸಭೆಯಲ್ಲಿ ಫ್ರ್ಯಾಂಕ್ ಕೋಲ್ ಅದನ್ನು ಒಡೆದು ತೋರಿಸಿದನು: 193707721 ಮತ್ತು 761838257287. ಮಾತಿಲ್ಲದೆ ಹಲಗೆಯ ಮೇಲೆ ಗುಣಿಸಿ ಕುಳಿತನೆಂಬ ಪ್ರತೀತಿಯಿದೆ.

ಕೊನೆಗೆ ಪಟ್ಟಿಯಲ್ಲಿ ಐದು ತಪ್ಪುಗಳು ಕಂಡವು. 67 ಮತ್ತು 257 ಇರಬಾರದಿತ್ತು. 61, 89, 107 ಇರಬೇಕಿತ್ತು. ಆದರೂ ಈ ಸಂಖ್ಯೆಗಳಿಗೆ ಇಂದಿಗೂ ಮರ್ಸೆನ್ನನದೇ ಹೆಸರು. ಅದು ಅನ್ಯಾಯವೆಂದು ನಮಗೆ ತೋರುವುದಿಲ್ಲ. ಅವನು ಕೇಳಿದ ಪ್ರಶ್ನೆ ದೊಡ್ಡದಾಗಿತ್ತು, ಕೊಟ್ಟ ಉತ್ತರ ಅವಸರದ್ದಾಗಿತ್ತು. ಪೂರ್ವಿಕರನ್ನು ಗೌರವಿಸುವುದೆಂದರೆ ಅವರ ಪ್ರಶ್ನೆಯನ್ನು ಉಳಿಸಿಕೊಂಡು ಉತ್ತರವನ್ನು ಪರೀಕ್ಷಿಸುವುದು. ಕೋಲ್‌ನ ಎರಡು ಸಂಖ್ಯೆಗಳನ್ನು ಓದುಗರು ಕಾಗದದ ಮೇಲೆ ಗುಣಿಸಿ ನೋಡಲಿ. 147573952589676412927 ಬಂದರೆ ಸರಿ. ನಮ್ಮ ಮಾತನ್ನೂ ನಂಬಬೇಕಾಗಿಲ್ಲ.