ಹೊಸ್ತಿಲು ಎಡವಿದವರು

ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡದ್ದು 1916ರ ಜುಲೈ 27ರಂದು. ಅದಕ್ಕೆ ಮೊದಲು ನಮ್ಮ ಮಹಾರಾಜಾ ಕಾಲೇಜಿನ ಹುಡುಗರ ಹಣೆಬರಹವನ್ನು ಬರೆಯುತ್ತಿದ್ದುದು ಮದರಾಸು. ಪಾಠ ಇಲ್ಲಿ, ಪರೀಕ್ಷೆಯ ಅಧಿಕಾರ ಅಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ, ಸಂಸ್ಥಾನಕ್ಕೆ ತನ್ನದೇ ಆದ ವಿದ್ಯಾಮಂದಿರ ದೊರೆಯಿತು. ಮಂದಿರವೆಂದ ಮೇಲೆ ಹೊಸ್ತಿಲೂ ಇರಬೇಕಷ್ಟೆ. ಆ ಹೊಸ್ತಿಲೇ ಪ್ರವೇಶ ಪರೀಕ್ಷೆ. ಅದನ್ನು ದಾಟಿದವರ ಹೆಸರು ದಾಖಲೆಗಳಲ್ಲಿ ಉಳಿಯುತ್ತದೆ. ಎಡವಿದವರದು ಉಳಿಯುವುದು ಅಪರೂಪ. ಅಂಥವರೊಬ್ಬರನ್ನು ಇಂದು ನೆನೆಯಬೇಕೆಂದಿದ್ದೇನೆ.

ಅವರು ಆರ್. ಕೆ. ನಾರಾಯಣ್. ತಂದೆ ಇದೇ ಊರಿನ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮಗ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದರು, ಅದೂ ಇಂಗ್ಲಿಷಿನಲ್ಲಿ! ಮುಂದೆ ಅದೇ ಭಾಷೆಯಲ್ಲಿ ಬರೆದು ಲೋಕಪ್ರಸಿದ್ಧರಾದ ಅವರು, 1974ರಲ್ಲಿ ಪ್ರಕಟವಾದ 'ಮೈ ಡೇಸ್' ಎಂಬ ಆತ್ಮಕಥೆಯಲ್ಲಿ ಈ ಸಂಗತಿಯನ್ನು ತಾವೇ ಹೇಳಿಕೊಂಡಿದ್ದಾರೆ. ಒಂದು ವರ್ಷ ಮನೆಯಲ್ಲುಳಿದರು; ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕುಳಿತು ಮನಬಂದದ್ದನ್ನು ಓದಿದರು; ಬರೆಯತೊಡಗಿದರು. 1926ರಲ್ಲಿ ತೇರ್ಗಡೆಯಾಗಿ ಮಹಾರಾಜಾ ಕಾಲೇಜನ್ನು ಸೇರಿ, ಮೂರು ವರ್ಷದ ಬಿ.ಎ.ಗೆ ನಾಲ್ಕು ವರ್ಷ ಹಿಡಿಸಿ, 1930ರಲ್ಲಿ ಪದವೀಧರರಾದರು. 1976ರಲ್ಲಿ ಅದೇ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಸೋತ ಮಕ್ಕಳನ್ನು ಸಂತೈಸಲು ಈ ಕಥೆಯನ್ನು ಹೇಳುವುದುಂಟು. ನನಗೆ ಇದರಲ್ಲಿ ಬೇರೊಂದು ಪಾಠ ಕಾಣುತ್ತದೆ. ಆ ವರ್ಷ ವ್ಯರ್ಥವಾಗಲಿಲ್ಲವೇಕೆ? ಮನೆಯಲ್ಲಿ ಅನ್ನವಿತ್ತು, ಪುಸ್ತಕವಿತ್ತು; ತಂದೆಯ ಶಾಲೆಯ ವಾಚನಾಲಯಕ್ಕೆ ಪರದೇಶದ ಪತ್ರಿಕೆಗಳು ಬರುತ್ತಿದ್ದವು. ಕಾಯುವ ತ್ರಾಣ ಆ ಮನೆಗಿತ್ತು.

ಎಲ್ಲ ಮನೆಗೂ ಅದು ಇರುವುದಿಲ್ಲ. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಹಿಂದೆ, ಮದರಾಸು ವಿಶ್ವವಿದ್ಯಾನಿಲಯಕ್ಕೇ ಸೇರಿದ ಕುಂಭಕೋಣದ ಕಾಲೇಜಿನಲ್ಲಿ ರಾಮಾನುಜನ್ ಓದುತ್ತಿದ್ದರು. ಗಣಿತದಲ್ಲಿ ಮುಳುಗಿ ಉಳಿದ ವಿಷಯಗಳನ್ನು ಮರೆತದ್ದರಿಂದ ವಿದ್ಯಾರ್ಥಿವೇತನ ತಪ್ಪಿತು. ಮತ್ತೆ ಎಫ್.ಎ. ಪರೀಕ್ಷೆಗೆ ಕುಳಿತರೂ ಗೆಲ್ಲಲಾಗಲಿಲ್ಲ. ಬಡತನದ ಮನೆ, 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತಗಿರಿಗೆ ಸೇರಬೇಕಾಯಿತು. ಕೇಂಬ್ರಿಜ್ಜಿನ ಹಾರ್ಡಿಯವರು ಅವರ ಪತ್ರವನ್ನು ಗಮನವಿಟ್ಟು ಓದದೆ ಹೋಗಿದ್ದರೆ ಏನಾಗುತ್ತಿತ್ತೋ!

ಈಗ ನಿಯಮಗಳು ಬದಲಾಗಿವೆ. 2024ರಲ್ಲಿ ಕರ್ನಾಟಕವು ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ಏರ್ಪಡಿಸಿತು. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಲು ಅವಕಾಶವಿತ್ತಿತು. 'ಸಪ್ಲಿಮೆಂಟರಿ' ಎಂಬ ಹಣೆಪಟ್ಟಿ ಅಳಿಯಿತು. ಕಾಯುವ ಹೊರೆಯಲ್ಲಿ ಒಂದಷ್ಟು ಮನೆಯ ಹೆಗಲಿನಿಂದ ನಿಯಮದ ಹೆಗಲಿಗೆ ಬಂದಿತೆನ್ನಬಹುದು.

ಆದರೆ ಸೀಟು ಕೆಲವು, ಕೈಗಳು ಹಲವು ಎಂಬಲ್ಲಿ ಎರಡನೆಯ ಅವಕಾಶವೂ ವ್ಯಾಜ್ಯವಾಗುತ್ತದೆ. ಕೊರೊನಾದಿಂದಾಗಿ 2021ರಲ್ಲಿ ಪಿಯು ಪರೀಕ್ಷೆ ಎಂದಿನಂತೆ ನಡೆಯದೆ, ಹಿಂದಿನ ಅಂಕಗಳ ಆಧಾರದ ಮೇಲೆ ಫಲಿತಾಂಶ ಬಂದಿತು. ಆ ತಂಡದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ರ್‍ಯಾಂಕಿಗೆ ಅವರ ಪಿಯು ಅಂಕ ಸೇರಲಿಲ್ಲ. ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ಕೊನೆಗೆ ಅಂಕಗಳನ್ನು ತುಸು ತಗ್ಗಿಸಿ ಪರಿಗಣಿಸುವ ಸೂತ್ರವೊಂದಕ್ಕೆ ಬರಲಾಯಿತು. ಮತ್ತೆ ಬರೆದವರ ಅಳಲಿನಲ್ಲಿ ನ್ಯಾಯವಿತ್ತು. ಅದೇ ವರ್ಷ ನಿಜವಾದ ಪರೀಕ್ಷೆ ಬರೆದು ಬಂದವರ ಆತಂಕದಲ್ಲೂ ನ್ಯಾಯವಿತ್ತು.

ಕಟ್ಟುನಿಟ್ಟು ಬೇಡವೆಂದು ನಾನು ಹೇಳಲಾರೆ. ಅಳೆಯದ ವಿದ್ಯೆಗೆ ಬೆಲೆಯಿಲ್ಲ. ಆದರೆ ಮರುಪರೀಕ್ಷೆಯ ನಿಯಮವನ್ನು ಬರೆಯುವವರು ಕೆರೆಯ ದಂಡೆಯಲ್ಲಿ ಒಂದು ವರ್ಷ ಓದಬಲ್ಲ ಹುಡುಗನನ್ನು ಮಾತ್ರ ನೆನೆದರೆ ಸಾಲದು. ನಪಾಸಾದ ಮರುದಿನವೇ ಕೂಲಿಗೆ ಹೊರಡಬೇಕಾದ ಹುಡುಗನನ್ನೂ, ಮದುವೆಯ ಮಾತಿಗೆ ತಲೆಬಾಗಬೇಕಾದ ಹುಡುಗಿಯನ್ನೂ ಅವರು ಮೊದಲು ನೆನೆಯಬೇಕು.